ಒಂದೇ ಪ್ರೋಗ್ರಾಂ, ಎರಡು ಉತ್ತರ: ಅಮ್ಮಿಯ ಪಾಲಿನ ಲೆಕ್ಕ



ಕಾಮರ್ಸ್ ಓದುವ ನಮಗೆ ಕಂಪ್ಯೂಟರ್ ಸೈನ್ಸ್ ಯಾಕೆ ಬೇಕು ಎಂದು ನನ್ನ ಬೆಂಚಿನ ಗೆಳತಿಯರು ಆಗಾಗ ಕೇಳುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ಕೇಳಿದ್ದೆ. ಈಗ ಕೇಳುವುದಿಲ್ಲ. ನಾನೇ ಬರೆದ ಹತ್ತು ಸಾಲಿನ ಒಂದು ಪ್ರೋಗ್ರಾಂ ನಮ್ಮ ಮನೆಯಲ್ಲಿ ಒಂದು ರಾತ್ರಿ ಎಲ್ಲರ ನಿದ್ದೆ ಕೆಡಿಸಿತು. ಆ ತಪ್ಪಿನಿಂದ ಕಲಿತ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಗೂ ಉಪಯೋಗವಾದೀತು.

ನಡೆದದ್ದು ಏನು?

ವಳ್ಳೂರು ನನ್ನ ತಾಯಿಯ ತವರು. ಪಾವಗಡದ ಸೋಲಾರ್ ಪಾರ್ಕ್ ನಿಮಗೆಲ್ಲ ಗೊತ್ತು. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ ಅದು ಹರಡಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿನ ಜಮೀನನ್ನು ರೈತರಿಂದ ಕ್ರಯಕ್ಕೆ ಪಡೆದಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಮಳೆ ನಂಬಿ ಶೇಂಗಾ ಹಾಕುತ್ತಿದ್ದ ನೆಲದಲ್ಲಿ ಈಗ ಗಾಜಿನ ಹಲಗೆಗಳು ನಿಂತಿವೆ.

ನಮ್ಮ ನಾನಾ ಅವರ 4 ಎಕರೆಯೂ ಅದರಲ್ಲಿದೆ. ನಾನಾ ಮತ್ತು ನಾನಿ ಇಬ್ಬರೂ ಈಗಿಲ್ಲ. ಇಬ್ಬರು ಮಾಮು ಮತ್ತು ನಮ್ಮ ಅಮ್ಮಿ ವಾರಸುದಾರರು. ನಮ್ಮ ಶರೀಅತ್ ಪ್ರಕಾರ ಗಂಡುಮಕ್ಕಳಿಗೆ ಎರಡೆರಡು ಪಾಲು, ಹೆಣ್ಣುಮಗಳಿಗೆ ಒಂದು ಪಾಲು. ಒಟ್ಟು 5 ಪಾಲು, ಅಮ್ಮಿಯದು ಐದರಲ್ಲಿ ಒಂದು. ಹಣ ಬಂದ ಕೂಡಲೇ ಬಡೇ ಮಾಮು ಅಮ್ಮಿಯ ಪಾಲನ್ನು ತಾವೇ ತಂದುಕೊಡುತ್ತಾರೆ. ಮೊದಲ ವರ್ಷ ಕೊಟ್ಟದ್ದು 16,800 ರೂಪಾಯಿ. ಅದರಲ್ಲಿ ಅಮ್ಮಿ ಹೊಲಿಗೆ ಮೆಷಿನ್ ಕೊಂಡಿದ್ದರು.

ಲ್ಯಾಬಿನಲ್ಲಿ ಮೇಡಂ, "ಗುಣಾಕಾರ, ಭಾಗಾಕಾರ ಬರುವ ಒಂದು ಪ್ರೋಗ್ರಾಂ ನೀವೇ ಯೋಚಿಸಿ ಬರೆಯಿರಿ" ಎಂದರು. ನಾನು ಈ ಗುತ್ತಿಗೆಯ ಲೆಕ್ಕವನ್ನೇ ಹಾಕಿದೆ. ಎಕರೆ 4, ದರ 21000, ಒಟ್ಟು ಎಂದರೆ ಎಕರೆ ಗುಣಿಸು ದರ, ಪಾಲು ಎಂದರೆ ಒಟ್ಟು ಭಾಗಿಸು 5. ನಾಲ್ಕೂ 'ಇಂಟ್' ವೇರಿಯಬಲ್‌ಗಳು. ನಮ್ಮ ಲ್ಯಾಬಿನ ನೀಲಿ ಪರದೆಯ ಟರ್ಬೊ ಸಿ ಪ್ಲಸ್ ಪ್ಲಸ್‌ನಲ್ಲಿ ಓಡಿಸಿದೆ. ಒಂದೂ ಎರರ್ ಬರಲಿಲ್ಲ. ಅಮ್ಮಿಯ ಪಾಲು 3692 ಎಂದು ತೋರಿಸಿತು.

ನಾನು ಹೆಮ್ಮೆಯಿಂದ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಗೆ ಹೋದೆ. "ಅಮ್ಮಿ, ಕಂಪ್ಯೂಟರ್ ಪ್ರಕಾರ ನಿಮ್ಮ ಪಾಲು ವರ್ಷಕ್ಕೆ 3,692" ಎಂದೆ. ಅಮ್ಮಿ ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಿದರು. ಅವರಿಗೆ ಎಕರೆಗೆ ಎಷ್ಟು ಎಂಬುದು ಸರಿಯಾಗಿ ಗೊತ್ತಿರಲಿಲ್ಲ, ಅಣ್ಣ ಕೊಟ್ಟದ್ದನ್ನು ಎಣಿಸದೇ ತೆಗೆದುಕೊಳ್ಳುವವರು. "ಹಾಗಾದರೆ ಇಷ್ಟು ವರ್ಷ ನಾನು ಹಕ್ಕಿಗಿಂತ ಹೆಚ್ಚು ತಿಂದೆನಾ? ಭಾಯಿಜಾನ್ ಮಕ್ಕಳ ಪಾಲಿನದ್ದು ನನಗೆ ಕೊಟ್ಟರಾ?" ಎಂದರು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ. ಹೊಲಿಗೆ ಮೆಷಿನ್ ಮಾರಿದರೆ ಎಷ್ಟು ಬರುತ್ತದೆ ಎಂದು ಅಬ್ಬಾ ಹತ್ತಿರ ಕೇಳಿದ್ದು ನನ್ನ ಕಿವಿಗೂ ಬಿತ್ತು.

ಬೆಳಗ್ಗೆ ಫಜರ್ ನಮಾಜಿನ ನಂತರ ಮಾಮುಗೆ ಫೋನ್ ಹೋಯಿತು. ಅವರು ಸ್ಕೂಟರ್ ಹತ್ತಿ ಬಂದೇಬಿಟ್ಟರು. ನನ್ನ ನೋಟ್‌ಬುಕ್ ನೋಡಿದರು, ಬೈಯಲಿಲ್ಲ. "ಬೇಟಿ, ಇಕ್ಕೀಸ್ ಚೌಕೆ ಎಷ್ಟು?" ಎಂದು ಕೇಳಿದರು. "ಚೌರಾಸಿ" ಎಂದೆ. "ಚೌರಾಸಿ ಹಜಾರ್‌ನಲ್ಲಿ ಐದನೇ ಒಂದು ಪಾಲು ಎಷ್ಟು?" ಆಗ ನನ್ನ ಬಾಯಿ ಕಟ್ಟಿತು. 84,000ದ ಐದನೇ ಒಂದು ಪಾಲು 16,800. ಮಾಮು ಓದಿದ್ದು ಏಳನೇ ಕ್ಲಾಸು. ಅವರ ಮಗ್ಗಿ ಸರಿ ಇತ್ತು, ನನ್ನ ಪ್ರೋಗ್ರಾಂ ತಪ್ಪಿತ್ತು.

ಅಣ್ಣನ ಮೊಬೈಲಿನಲ್ಲಿದ್ದ ಸಿ ಪ್ಲಸ್ ಪ್ಲಸ್ ಆ್ಯಪ್‌ನಲ್ಲಿ ಅದೇ ಸಾಲುಗಳನ್ನು ಟೈಪ್ ಮಾಡಿದೆ. ಹಳೆಯ ಹೆಡರ್ ಮತ್ತು ಮೇನ್‌ನ ಸಾಲು ಬಿಟ್ಟರೆ ಲೆಕ್ಕದಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಅಲ್ಲಿ ಬಂದದ್ದು 16800. ಲ್ಯಾಬಿನಲ್ಲಿ ಮತ್ತೆ ಓಡಿಸಿದೆ, 3692. ಒಂದೇ ಲೆಕ್ಕ, ಎರಡು ಕಂಪೈಲರ್, ಎರಡು ಉತ್ತರ.

ಕಾರಣ 1: ಪೆಟ್ಟಿಗೆಯ ಅಳತೆ

ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕೆ ತಿಳಿಯುವ ಸೂಚನೆಗಳನ್ನಾಗಿ ಬದಲಿಸುವ ಸಾಫ್ಟ್‌ವೇರ್. 'ಇಂಟ್' ಎಂದು ಬರೆದಾಗ ನಾವು ಪೂರ್ಣಾಂಕ ಇಡಲು ಒಂದು ಪೆಟ್ಟಿಗೆ ಕೇಳುತ್ತೇವೆ. ಪೆಟ್ಟಿಗೆ ಎಷ್ಟು ದೊಡ್ಡದು? ಭಾಷೆಯ ಸ್ಟ್ಯಾಂಡರ್ಡ್ ಪ್ರಕಾರ 'ಇಂಟ್' ಕನಿಷ್ಠ 16 ಬಿಟ್ ಇರಬೇಕು, ಅಷ್ಟೆ. ಅದಕ್ಕಿಂತ ದೊಡ್ಡದು ಕೊಡುವುದು ಕಂಪೈಲರ್ ಮಾಡಿದವರಿಗೆ ಬಿಟ್ಟದ್ದು. ಟರ್ಬೊ ಸಿ ಪ್ಲಸ್ ಪ್ಲಸ್ ಮೊದಲು ಬಂದದ್ದು 1990ರಲ್ಲಿ, ಡಾಸ್ ಕಾಲದ 16 ಬಿಟ್ ಯಂತ್ರಗಳಿಗಾಗಿ. ಅದರ 'ಇಂಟ್' 16 ಬಿಟ್. ಮೊಬೈಲಿನ ಕಂಪೈಲರ್‌ನಲ್ಲಿ 32 ಬಿಟ್.

16 ಬಿಟ್‌ಗಳಲ್ಲಿ 65,536 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಅರ್ಧ ಮೈನಸ್‌ಗೆ ಹೋಗುತ್ತದೆ. ಹಾಗಾಗಿ ಅದು ಹಿಡಿಯುವುದು -32,768ರಿಂದ 32,767ರವರೆಗೆ ಮಾತ್ರ. 84,000 ಅದರಲ್ಲಿ ಹಿಡಿಯುವುದಿಲ್ಲ.

ಹಿಡಿಯದಿದ್ದರೆ ಏನಾಗುತ್ತದೆ? ನನಗೆ ಅರ್ಥವಾದದ್ದು ದಾದಿಯ ತಸ್ಬೀಹ್ ನೋಡಿ. 100 ಮಣಿಯ ತಸ್ಬೀಹ್‌ನಲ್ಲಿ 130 ಬಾರಿ ಎಣಿಸಿದರೆ ಬೆರಳು 30ನೇ ಮಣಿಯ ಮೇಲೆ ಇರುತ್ತದೆ. ಒಂದು ಸುತ್ತು ಮುಗಿದಿದೆ ಎಂಬುದನ್ನು ದಾದಿ ನೆನಪಿಟ್ಟುಕೊಂಡರೆ ಸರಿ, ತಸ್ಬೀಹ್ ನೆನಪಿಡುವುದಿಲ್ಲ. ಟರ್ಬೊದ 'ಇಂಟ್' 65,536 ಮಣಿಯ ತಸ್ಬೀಹ್ ಇದ್ದಂತೆ. 84,000 ಎಣಿಸಿದರೆ ಒಂದು ಸುತ್ತು ಮುಗಿದು 84,000 - 65,536 = 18,464ನೇ ಮಣಿಗೆ ಬಂದು ನಿಲ್ಲುತ್ತದೆ. ಅದನ್ನು 5ರಿಂದ ಭಾಗಿಸಿ ದಶಮಾಂಶ ಬಿಟ್ಟರೆ 3,692. ಅಮ್ಮಿಯ ನಿದ್ದೆ ಕೆಡಿಸಿದ ಸಂಖ್ಯೆ ಅದೇ.

ಬೇರೆ ಬೇರೆ ಎಕರೆಗೆ ಟರ್ಬೊದಲ್ಲಿ ಒಟ್ಟು ಎಷ್ಟು ಬರುತ್ತದೆ ಎಂದು ಆಮೇಲೆ ನೋಡಿದೆ.

1 ಎಕರೆ: ನಿಜವಾದ ಒಟ್ಟು 21,000, ಟರ್ಬೊ 21,000
2 ಎಕರೆ: ನಿಜವಾದ ಒಟ್ಟು 42,000, ಟರ್ಬೊ -23,536
3 ಎಕರೆ: ನಿಜವಾದ ಒಟ್ಟು 63,000, ಟರ್ಬೊ -2,536
4 ಎಕರೆ: ನಿಜವಾದ ಒಟ್ಟು 84,000, ಟರ್ಬೊ 18,464

ನಾನಾ ಅವರದು 2 ಎಕರೆ ಇದ್ದಿದ್ದರೆ ಮೈನಸ್ ಬಂದು ನನಗೆ ಆಗಲೇ ಅನುಮಾನ ಬರುತ್ತಿತ್ತು. 4 ಎಕರೆ ಇದ್ದದ್ದರಿಂದ ಉತ್ತರ ನೋಡಲು ಸಭ್ಯವಾಗಿಯೇ ಇತ್ತು. ಹುಚ್ಚು ಉತ್ತರಕ್ಕಿಂತ ಇಂಥ ಸಭ್ಯ ತಪ್ಪು ಉತ್ತರವೇ ಹೆಚ್ಚು ಅಪಾಯ. ಇನ್ನೊಂದು ಮಾತು: ಹೀಗೆ ಸುತ್ತು ಹೊಡೆಯುವುದೂ ನಿಯಮವಲ್ಲ. ಮೈನಸ್ ಇರುವ ಪೂರ್ಣಾಂಕ ಲೆಕ್ಕದ ನಡುವೆ ಮಿತಿ ಮೀರಿದರೆ ಏನಾಗಬೇಕೆಂದು ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಬೇರೆ ಕಂಪೈಲರ್ ಬೇರೆ ಏನನ್ನಾದರೂ ಮಾಡಬಹುದು.

ಸರಿಪಡಿಸಲು ಹೋಗಿ ಮತ್ತೆ ಎಡವಿದೆ. 'ಒಟ್ಟು' ಎಂಬುದನ್ನು ಮಾತ್ರ 'ಲಾಂಗ್' ಮಾಡಿದೆ. ಉತ್ತರ ಮತ್ತೆ 18,464! ಯಾಕೆಂದರೆ ಎಕರೆ ಮತ್ತು ದರ ಎರಡೂ ಇನ್ನೂ 'ಇಂಟ್'. ಗುಣಾಕಾರ ಚಿಕ್ಕ ಪೆಟ್ಟಿಗೆಯಲ್ಲೇ ನಡೆದು ಕೆಟ್ಟ ಮೇಲೆ, ಕೆಟ್ಟ ಸಂಖ್ಯೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿದಂತಾಯಿತು. ಸೋರಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಅಳತೆ ತುಂಬುವುದಿಲ್ಲ. ದರವನ್ನೇ 'ಲಾಂಗ್' ಮಾಡಿದಾಗ 84,000 ಮತ್ತು 16,800 ಬಂತು.

ಹೊಸ ಕಂಪೈಲರ್ ಇದ್ದರೆ ಚಿಂತೆ ಇಲ್ಲವೇ? ಇದೆ. 32 ಬಿಟ್ 'ಇಂಟ್'ನ ಗರಿಷ್ಠ 2,14,74,83,647, ಅಂದರೆ ಸುಮಾರು 214 ಕೋಟಿ. ಇಡೀ ಪಾರ್ಕಿನ ಸುಮಾರು 13,000 ಎಕರೆಗೆ 21,000ದಂತೆ ಲೆಕ್ಕ ಹಾಕಿದರೆ 27 ಕೋಟಿ 30 ಲಕ್ಷ ರೂಪಾಯಿ. ಇದು ಹಿಡಿಯುತ್ತದೆ. ಅದನ್ನೇ ಪೈಸೆಯಲ್ಲಿ ಬರೆದರೆ 2,730 ಕೋಟಿ, ಹಿಡಿಯುವುದಿಲ್ಲ. 'ಲಾಂಗ್' ಹಾಕಿದರೂ ನಂಬುವಂತಿಲ್ಲ: 64 ಬಿಟ್ ಲಿನಕ್ಸ್‌ನಲ್ಲಿ 'ಲಾಂಗ್' 64 ಬಿಟ್, ವಿಂಡೋಸ್‌ನಲ್ಲಿ ಇಂದಿಗೂ 32 ಬಿಟ್. 'ಲಾಂಗ್ ಲಾಂಗ್' ಎಂದು ಬರೆದರೆ ಎರಡೂ ಕಡೆ 64 ಬಿಟ್ ಸಿಗುತ್ತದೆ. ಆದರೆ ಟರ್ಬೊಗೆ 'ಲಾಂಗ್ ಲಾಂಗ್' ಗೊತ್ತೇ ಇಲ್ಲ.

ಇದು ನಮ್ಮಂಥ ವಿದ್ಯಾರ್ಥಿಗಳು ಮಾತ್ರ ಮಾಡುವ ತಪ್ಪಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಒಂದು ನಿಮಿಷದೊಳಗೆ ನಾಶವಾಯಿತು. ಹಳೆಯ ಏರಿಯಾನ್ 4ರ ಸಾಫ್ಟ್‌ವೇರ್‌ನ ಒಂದು ಭಾಗವನ್ನು ಅದರಲ್ಲಿ ಮತ್ತೆ ಬಳಸಿದ್ದರು. ಹೊಸ ರಾಕೆಟ್ಟಿನ ವೇಗಕ್ಕೆ ಸಂಬಂಧಿಸಿದ ಒಂದು ಬೆಲೆ 16 ಬಿಟ್ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ನನ್ನ 84,000ಕ್ಕೆ ಸಾಲದ ಅದೇ ಅಳತೆಯ ಪೆಟ್ಟಿಗೆ.

ಕಾರಣ 2: ಅರ್ಧ ಪೈಸೆ

ಉತ್ತರ ಸರಿಯಾದ ಮೇಲೆ ಬಡೇ ಮಾಮು ಒಂದು ಕೆಲಸ ಹೇಳಿದರು. "ಎರಡು ವರ್ಷಕ್ಕೊಮ್ಮೆ ಐದು ಪರ್ಸೆಂಟ್ ಏರುತ್ತದಲ್ಲ, ಅದರದ್ದೊಂದು ಪಟ್ಟಿ ಮಾಡಿಕೊಡು, ಅಲ್ಮೇರಾ ಬಾಗಿಲಿಗೆ ಅಂಟಿಸುತ್ತೇನೆ. ನಾಳೆ ನಾನಿಲ್ಲದಿದ್ದರೂ ನನ್ನ ಮಕ್ಕಳು ನಿನ್ನ ಅಮ್ಮಿಗೆ ಸರಿಯಾಗಿ ಕೊಡಬೇಕು."

ಈ ಸಲ 'ಡಬಲ್' ಬಳಸಿ, ಪ್ರತಿ ಹಂತಕ್ಕೂ 1.05ರಿಂದ ಗುಣಿಸಿದೆ. ಎಕರೆಗೆ ಮೊದಲ ಹಂತ 21,000. ಎರಡನೆಯದು 22,050. ಮೂರನೆಯದು 23,152.50. ನಾಲ್ಕನೆಯದು 24,310.125. ನಿಲ್ಲಿ, ಇಲ್ಲಿ ಹನ್ನೆರಡೂವರೆ ಪೈಸೆ. ಎರಡು ದಶಮಾಂಶಕ್ಕೆ ಬರೆಯಿರಿ ಎಂದರೆ ಹನ್ನೆರಡೋ ಹದಿಮೂರೋ?

ಲ್ಯಾಬಿನ ಮೂಲೆಯ ವಿಂಡೋಸ್ 7 ಯಂತ್ರದಲ್ಲಿದ್ದ ಹಳೆಯ ವಿಷುಯಲ್ ಸಿ ಪ್ಲಸ್ ಪ್ಲಸ್ 24310.13 ಎಂದು ತೋರಿಸಿತು. ಮೇಡಂ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ 24310.12 ಬಂತು. ಈ ಸಲ ಪೆಟ್ಟಿಗೆ ಎರಡೂ ಕಡೆ ಒಂದೇ ಅಳತೆ. ವ್ಯತ್ಯಾಸ ಇರುವುದು ಅಂಕಿಗಳನ್ನು ಪರದೆಗೆ ಬರೆಯುವ, ಕಂಪೈಲರ್ ಜೊತೆಗೆ ಕೆಲಸ ಮಾಡುವ ಲೈಬ್ರರಿಯಲ್ಲಿ.

ನಾವು ಶಾಲೆಯಲ್ಲಿ ಕಲಿತದ್ದು 5 ಬಂದರೆ ಮೇಲಕ್ಕೆ ಏರಿಸು ಎಂದು. ಮೈಕ್ರೋಸಾಫ್ಟ್‌ನ ಹಳೆಯ ಲೈಬ್ರರಿ ಹಾಗೆಯೇ ಮಾಡುತ್ತಿತ್ತು. ಲಿನಕ್ಸ್‌ನದು ಬೇರೆ ನಿಯಮ: ಸಂಖ್ಯೆ ಸರಿಯಾಗಿ ಅರ್ಧಕ್ಕೆ ನಿಂತರೆ ಹತ್ತಿರದ ಸಮಸಂಖ್ಯೆಗೆ ಹೋಗು. 12 ಸಮಸಂಖ್ಯೆ, ಆದ್ದರಿಂದ .12. ಇದನ್ನು ಬ್ಯಾಂಕರ್ಸ್ ರೌಂಡಿಂಗ್ ಎಂದೂ ಕರೆಯುತ್ತಾರೆ. ಅರ್ಧ ಬಂದಾಗಲೆಲ್ಲ ಮೇಲಕ್ಕೇ ಏರಿಸಿದರೆ ಸಾವಿರಾರು ಲೆಕ್ಕ ಕೂಡಿದಾಗ ಮೊತ್ತ ಒಂದೇ ಕಡೆಗೆ ವಾಲುತ್ತದೆ. ಸಮಸಂಖ್ಯೆಯ ನಿಯಮದಲ್ಲಿ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಹೋಗಿ ಸರಿತೂಗುತ್ತವೆ. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕಾಗಿ 1985ರಲ್ಲಿ ಬಂದ ಐಇಇಇ 754 ಸ್ಟ್ಯಾಂಡರ್ಡ್‌ನಲ್ಲೂ ಮಾಮೂಲಿ ನಿಯಮ ಇದೇ. 2020ರಲ್ಲಿ ಬಂದ ವಿಂಡೋಸ್ 10ರ 2004 ಎಂಬ ಆವೃತ್ತಿಯಿಂದ ಮೈಕ್ರೋಸಾಫ್ಟ್ ಕೂಡ ಈ ನಿಯಮಕ್ಕೆ ಬಂದಿದೆ. ಅಂದರೆ ಪ್ರೋಗ್ರಾಂ ಹಾಗೆಯೇ ಇದ್ದರೂ ವಿಂಡೋಸ್ ಹೊಸದಾದರೆ ಉತ್ತರ ಬದಲಾಗಬಹುದು.

ಒಂದು ಪೈಸೆಗೆ ಇಷ್ಟು ಗಲಾಟೆಯೇ ಎನ್ನಬೇಡಿ. 4 ಎಕರೆಗೆ ಗುಣಿಸಿ ನೋಡಿ. ಮೊದಲೇ ರೌಂಡ್ ಮಾಡಿ ಗುಣಿಸಿದರೆ ಒಂದು ಕಡೆ 97,240.52, ಇನ್ನೊಂದು ಕಡೆ 97,240.48. ಎರಡೂ ತಪ್ಪು! ರೌಂಡ್ ಮಾಡದೇ 24,310.125 ಅನ್ನು ನಾಲ್ಕರಿಂದ ಗುಣಿಸಿದರೆ ಸರಿಯಾಗಿ 97,240.50. ಅಮ್ಮಿಯ ಐದನೇ ಪಾಲು 19,448.10. ಪೈಸೆಯ ತಕರಾರೇ ಇಲ್ಲ. ಹಾಗಾಗಿ ಮೊದಲು ಗುಣಿಸಬೇಕು, ಭಾಗಿಸಬೇಕು. ರೌಂಡ್ ಮಾಡುವುದು ಕೊನೆಯಲ್ಲಿ, ಒಂದೇ ಸಲ.

ನಡುವೆ ಅಂಕಿ ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾಮರ್ಸ್‌ನವರಾದ ನಾವು ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆ ತಿಳಿದಿರಬೇಕು. 1982ರ ಜನವರಿಯಲ್ಲಿ ಅದು 1000 ಅಂಕದಿಂದ ಹೊಸ ಸೂಚ್ಯಂಕ ಆರಂಭಿಸಿತು. ವ್ಯವಹಾರ ನಡೆದಾಗಲೆಲ್ಲ, ದಿನಕ್ಕೆ ಸಾವಿರಾರು ಬಾರಿ, ಸೂಚ್ಯಂಕವನ್ನು ಮತ್ತೆ ಲೆಕ್ಕ ಹಾಕಿ ಮೂರು ದಶಮಾಂಶದ ನಂತರದ್ದನ್ನು ರೌಂಡ್ ಮಾಡದೇ ಕತ್ತರಿಸಿ ಬಿಡುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1098.892. ಪ್ರತಿ ಸಲ ಬಿಟ್ಟದ್ದು ಒಂದು ಅಂಕದ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ಕೊನೆಗೆ ಹೋದದ್ದು ಅರ್ಧಕ್ಕಿಂತ ಹೆಚ್ಚು.

ಕಾರಣ 3: ಒಳಗಿನ ನಿಖರತೆ

ಮೂರನೆಯದನ್ನು ಮೇಡಂ ಹೇಳಿಕೊಟ್ಟರು. 0.1 ಅನ್ನು ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಪೂರ್ತಿಯಾಗಿ ಬರೆಯಲು ಆಗುವುದಿಲ್ಲ. ನಾವು ಮೂರನೇ ಒಂದು ಭಾಗವನ್ನು 0.3333 ಎಂದು ಎಲ್ಲೋ ನಿಲ್ಲಿಸುವಂತೆ ಅದೂ ಎಲ್ಲೋ ನಿಲ್ಲಿಸುತ್ತದೆ. ಎಲ್ಲಿ ನಿಲ್ಲಿಸುತ್ತದೆ ಎಂಬುದರಲ್ಲಿ ಯಂತ್ರಕ್ಕೂ ಯಂತ್ರಕ್ಕೂ ವ್ಯತ್ಯಾಸ ಇದೆ. 1980ರಲ್ಲಿ ಇಂಟೆಲ್ ತಂದ 8087 ಎಂಬ ಗಣಿತದ ಚಿಪ್ ಒಳಗೊಳಗೆ 80 ಬಿಟ್‌ನಲ್ಲಿ ಲೆಕ್ಕ ಮಾಡುತ್ತಿತ್ತು. ಹಳೆಯ ಕಂಪೈಲರ್‌ಗಳು ಆ ದಾರಿ ಹಿಡಿದವು. ಇಂದಿನ 64 ಬಿಟ್ ಕಂಪೈಲರ್‌ಗಳು ಸಾಮಾನ್ಯವಾಗಿ 'ಡಬಲ್' ಲೆಕ್ಕವನ್ನು 64 ಬಿಟ್‌ನಲ್ಲೇ ಮಾಡುತ್ತವೆ. ಆದ್ದರಿಂದ ಉದ್ದನೆಯ ಲೆಕ್ಕದಲ್ಲಿ ಕೊನೆಯ ಅಂಕಿಗಳು ಬೇರೆಯಾಗಬಹುದು.

ಇದರಿಂದ ನಮಗೊಂದು ಎಚ್ಚರಿಕೆ. ಟ್ರಯಲ್ ಬ್ಯಾಲೆನ್ಸ್ ಪ್ರೋಗ್ರಾಂ ಬರೆದು, 'ಡಬಲ್'ನಲ್ಲಿರುವ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತಗಳು ಸಮ ಇವೆಯೇ ಎಂದು ಎರಡು 'ಈಕ್ವಲ್ ಟು' ಹಾಕಿ ಕೇಳಬೇಡಿ. 0.1ಕ್ಕೆ 0.2 ಕೂಡಿ 0.3ಕ್ಕೆ ಸಮವೇ ಎಂದು 64 ಬಿಟ್ 'ಡಬಲ್'ನಲ್ಲಿ ಕೇಳಿದರೆ 'ಇಲ್ಲ' ಎಂದೇ ಉತ್ತರ. ಮೊತ್ತಗಳನ್ನು ಪೈಸೆಯ ಪೂರ್ಣಾಂಕವಾಗಿ ಇಟ್ಟುಕೊಂಡು ಹೋಲಿಸಿದರೆ ಈ ತೊಂದರೆ ಇಲ್ಲ. ಪೆಟ್ಟಿಗೆಯ ಅಳತೆ ಮಾತ್ರ ನೋಡಿಕೊಳ್ಳಿ.

ತಪ್ಪು ಯಾರದು?

ಮೊದಲು ನಾನು ಟರ್ಬೊವನ್ನು ಬೈದೆ. ಮೇಡಂ ಒಪ್ಪಲಿಲ್ಲ. "ಕನಿಷ್ಠ 16 ಬಿಟ್ ಎಂದರು, ಅದು 16 ಕೊಟ್ಟಿತು. ಅದು ಮಾತು ತಪ್ಪಿಲ್ಲ. ನಿನಗೆ ಎಷ್ಟು ಬೇಕು ಎಂದು ನೀನು ಹೇಳಲಿಲ್ಲ" ಎಂದರು. ನಿಜ. ನಾನು ತೀರ್ಮಾನಿಸಬೇಕಾದದ್ದನ್ನು ಕಂಪೈಲರ್‌ಗೆ ಬಿಟ್ಟಿದ್ದೆ. ಅದಕ್ಕೆ ಅಮ್ಮಿಯ ಹಕ್ಕು ಗೊತ್ತಿಲ್ಲ, ಹೊಲಿಗೆ ಮೆಷಿನ್ ಗೊತ್ತಿಲ್ಲ. ಇನ್ನೊಬ್ಬರ ದುಡ್ಡಿನ ಲೆಕ್ಕ ಅಮಾನತ್ ಇದ್ದಂತೆ ಎಂದು ಮನೆಯಲ್ಲಿ ಕೇಳುತ್ತಲೇ ಬೆಳೆದಿದ್ದೇನೆ. ಆ ಜವಾಬ್ದಾರಿ ಲೆಕ್ಕ ಬರೆದವರದು, ಯಂತ್ರದ್ದಲ್ಲ.

ಈಗ ನಾನು ಪಾಲಿಸುವ ಐದು ಮಾತು:

1. ಬರೆಯುವ ಮೊದಲು ಅತಿ ದೊಡ್ಡ ಉತ್ತರ ಎಷ್ಟು ಬರಬಹುದು ಎಂದು ಅಂದಾಜು ಮಾಡುವುದು. 'ಸೈಜ್‌ಆಫ್' ಹಾಕಿ ಪೆಟ್ಟಿಗೆ ಎಷ್ಟು ಬೈಟ್ ಎಂದು ನೋಡುವುದು. ಟರ್ಬೊದ 'ಇಂಟ್' 2 ಎಂದು ತೋರಿಸುತ್ತದೆ, ಮೊಬೈಲಿನದು 4 ಎಂದು.
2. ಕೊನೆಯ ಉತ್ತರ ಮಾತ್ರವಲ್ಲ, ನಡುವಿನ ಉತ್ತರಗಳನ್ನೂ ಪ್ರಿಂಟ್ ಮಾಡುವುದು. ನಾನು 'ಒಟ್ಟು' ಪ್ರಿಂಟ್ ಮಾಡಿದ್ದರೆ 18,464 ಅಲ್ಲೇ ಸಿಕ್ಕಿಬೀಳುತ್ತಿತ್ತು.
3. ರೌಂಡ್ ಮಾಡುವುದು ಕೊನೆಯಲ್ಲಿ. ಯಾವ ನಿಯಮ ಎಂದು ನಾವೇ ತೀರ್ಮಾನಿಸಿ ಪ್ರೋಗ್ರಾಂನಲ್ಲಿ ಕಾಮೆಂಟ್ ಬರೆಯುವುದು.
4. ಸಾಧ್ಯವಾದರೆ ಎರಡು ಕಂಪೈಲರ್‌ಗಳಲ್ಲಿ ಓಡಿಸುವುದು. ಎರಡೂ ಒಂದೇ ಉತ್ತರ ಕೊಟ್ಟರೆ ಸರಿ ಎಂದೇನೂ ಅಲ್ಲ. ಬೇರೆ ಬೇರೆ ಕೊಟ್ಟರೆ ಎಲ್ಲೋ ನಾವು ಗಮನಿಸದ ವಿಷಯ ಇದೆ ಎಂದು ಖಂಡಿತ.
5. ಒಂದು ಲೆಕ್ಕವನ್ನಾದರೂ ಕೈಯಲ್ಲಿ ಮಾಡಿ ನೋಡುವುದು. ಮಗ್ಗಿ ಮರೆಯಬಾರದು.

ನೀವೇ ಮಾಡಿ ನೋಡಿ: 7 ಎಕರೆ ಇದ್ದವರಿಗೆ 21,000ದಂತೆ ಒಟ್ಟು 1,47,000. 16 ಬಿಟ್ 'ಇಂಟ್' ಇರುವ ಟರ್ಬೊ ಎಷ್ಟು ತೋರಿಸುತ್ತದೆ? ಸುಳಿವು: ತಸ್ಬೀಹ್ ಎರಡು ಸುತ್ತು ತಿರುಗುತ್ತದೆ. ಕೈಯಲ್ಲಿ ಮಾಡಿ, ಆಮೇಲೆ ಲ್ಯಾಬಿನಲ್ಲಿ ಓಡಿಸಿ. ಉತ್ತರ 15,928 ಬರಬೇಕು.

ಪಟ್ಟಿ ಈಗ ಬಡೇ ಮಾಮು ಮನೆಯ ಅಲ್ಮೇರಾ ಬಾಗಿಲಿನ ಒಳಗಡೆ ಅಂಟಿದೆ. ಪ್ರತಿ ಸಾಲಿನಲ್ಲೂ ಎಕರೆಯ ದರ, ಒಟ್ಟು, ಮಾಮುಗಳ ಪಾಲು, ಅಮ್ಮಿಯ ಪಾಲು. ಅಂಟಿಸುವ ಮೊದಲು ಮಾಮು ಪೆನ್ಸಿಲ್ ಹಿಡಿದು ಪ್ರತಿ ಸಾಲನ್ನೂ ಗುಣಿಸಿ ನೋಡಿದರು. ನನಗೆ ಬೇಜಾರಾಗಲಿಲ್ಲ, ಪಕ್ಕದಲ್ಲಿ ಕುಳಿತು ನಾನೂ ಗುಣಿಸಿದೆ. ಹೊಲಿಗೆ ಮೆಷಿನ್ ನಮ್ಮ ಮನೆಯಲ್ಲೇ ಇದೆ. ಈ ಲೇಖನ ಬರೆಯುವಾಗಲೂ ಅಮ್ಮಿ ಅದರ ಮುಂದೆ ಕುಳಿತು ನನ್ನ ಯೂನಿಫಾರ್ಮಿನ ತೋಳು ಹೊಲಿಯುತ್ತಿದ್ದರು.